ಮುಂಬಯಿಯಲ್ಲಿ ತಾರಸಿ ಆಂಟೆನಾ: ಡಿಜಿಟಲ್ ದೂರದರ್ಶನದ ಮರುಕಳಿಸುವ ದೋಷಗಳು ಮತ್ತು ಅವುಗಳ ಶೋಧನೆ

ತಾರಸಿಯ ಮೇಲೆ ನಿಲ್ಲಿಸಿದ ಆಂಟೆನಾದ ಮೂಲಕ ಡಿಜಿಟಲ್ ದೂರದರ್ಶನವನ್ನು ಸ್ವೀಕರಿಸುವಲ್ಲಿ ಉಂಟಾಗುವ ದೋಷಗಳು ಸ್ಥೂಲವಾಗಿ ಎರಡು ಬಗೆಯವು. ಚಿತ್ರವು ಸರ್ವಥಾ ಬಾರದಿರುವುದು ಒಂದು ಬಗೆ; ಚೆನ್ನಾಗಿ ಬರುತ್ತಿದ್ದ ಚಿತ್ರವು ಇದ್ದಕ್ಕಿದ್ದಂತೆ ಚೌಕಚೌಕವಾಗಿ ಒಡೆದು, ಧ್ವನಿಯು ತುಂಡುತುಂಡಾಗಿ, ತೆರೆಯು ಕೆಲವು ಕ್ಷಣ ಸ್ತಬ್ಧವಾಗಿ ನಿಂತು, ಅನಂತರ ಏನೂ ನಡೆಯಲಿಲ್ಲವೆಂಬಂತೆ ಮೊದಲಿನ ಸ್ಥಿತಿಗೆ ಮರಳುವುದು ಇನ್ನೊಂದು ಬಗೆ. ಮೊದಲನೆಯದರ ಕಾರಣವನ್ನು ಕಂಡುಹಿಡಿಯುವುದು ಕಷ್ಟವಲ್ಲ. ದೋಷವು ಇದ್ದಲ್ಲಿಯೇ ಇದ್ದು ಪರೀಕ್ಷೆಗೆ ಒಳಪಡುತ್ತದೆ. ಎರಡನೆಯದಾದರೋ ದುರಸ್ತಿಗಾರನು ಬರುವ ಹೊತ್ತಿಗೆ ಇರುವುದಿಲ್ಲ, ಅವನು ಮೆಟ್ಟಿಲಿಳಿದು ಹೋದ ಮೇಲೆ ಮತ್ತೆ ತಲೆದೋರುತ್ತದೆ. ಇದರಿಂದ ಬೇಸತ್ತ ಗೃಹಸ್ಥರು ಮೊದಲು ಸಂಕೇತವನ್ನು ಹಿಗ್ಗಿಸುವ ಬೂಸ್ಟರನ್ನೂ, ಬಳಿಕ ಕೇಬಲನ್ನೂ, ಆಮೇಲೆ ಆಂಟೆನಾವನ್ನೂ, ಕಟ್ಟಕಡೆಗೆ ಟಿ.ವಿ.ಯನ್ನೇ ಬದಲಾಯಿಸಿ, ದೋಷವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವುದುಂಟು. ಇಂತಹ ದೋಷವನ್ನು ಅರಸುವಾಗ ಅದು ಎಲ್ಲಿದೆ ಎಂದು ಕೇಳುವುದಕ್ಕೆ ಮುಂಚೆ ಅದು ಯಾವಾಗ ಬರುತ್ತದೆ ಎಂದು ಕೇಳತಕ್ಕದ್ದು. ಸಮುದ್ರದ ಉಬ್ಬರವಿಳಿತ, ನಾಲ್ಕು ತಿಂಗಳ ಮುಂಗಾರು, ಉಪ್ಪುಗಾಳಿ, ಮುಗಿಲೆತ್ತರದ ಕಟ್ಟಡಗಳು, ಗಂಟೆಗಂಟೆಗೂ ಇಳಿಯುವ ವಿಮಾನಗಳು ಇವೆಲ್ಲವೂ ಒಂದೆಡೆ ಸೇರಿರುವ ಮುಂಬಯಿಯಲ್ಲಿ ಈ ಪ್ರಶ್ನೆಗೆ ದೊರೆಯುವ ಉತ್ತರವು ಬೇರೆ ಯಾವ ಊರಿನಲ್ಲಿ ದೊರೆಯುವುದಕ್ಕಿಂತಲೂ ಹೆಚ್ಚು ಸ್ಪಷ್ಟವಾಗಿರುತ್ತದೆ.

ವರ್ಲಿಯ ಗೋಪುರ

ಮುಂಬಯಿಯ ದೂರದರ್ಶನ ಕೇಂದ್ರವು 1972ರ ಅಕ್ಟೋಬರ್ 2ರಂದು ಪ್ರಸಾರವನ್ನು ಆರಂಭಿಸಿತು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗಾರ್ಥವಾಗಿ ಮೊದಲಾದ ಭಾರತೀಯ ದೂರದರ್ಶನಕ್ಕೆ ಹದಿಮೂರು ವರ್ಷಗಳ ತರುವಾಯ ದೊರೆತ ಎರಡನೆಯ ನೆಲೆ ಇದು. ಮರುವರ್ಷ ಸಿಂಹಗಡದ ಮೇಲಿನಿಂದ ಪುಣೆಗೆ ಮರುಪ್ರಸಾರದ ಏರ್ಪಾಡಾಯಿತು. ಬೆಂಗಳೂರಿನ ಕೇಂದ್ರವು 1981ರ ನವೆಂಬರ್ 1ರಂದು ಕಾರ್ಯಾರಂಭ ಮಾಡಿದುದನ್ನು ನೆನೆದರೆ, ಮಾಟುಂಗಾ, ದಾದರ್, ಕೋಟೆ, ಸಾಂತಾಕ್ರೂಜ್‌ಗಳಲ್ಲಿ ನೆಲೆಸಿದ್ದ ಕನ್ನಡಿಗರು ರಾಜಧಾನಿಯ ತಮ್ಮ ಬಂಧುಗಳಿಗಿಂತ ಸುಮಾರು ಒಂದು ದಶಕ ಮೊದಲೇ ಆಂಟೆನಾದ ಒಡನಾಟಕ್ಕೆ ಬಂದರೆಂಬುದು ತಿಳಿಯುತ್ತದೆ. ಎಂಬತ್ತರ ದಶಕದಲ್ಲಿ ಭಾನುವಾರದ ಅಪರಾಹ್ನ ರಾಷ್ಟ್ರೀಯ ಜಾಲದಲ್ಲಿ ಪ್ರಾದೇಶಿಕ ಭಾಷೆಗಳ ಚಲನಚಿತ್ರಗಳು ಸರದಿಯಂತೆ ಬರುತ್ತಿದ್ದಾಗ, ಕನ್ನಡದ ಸರದಿ ಬಂದ ದಿನ ಮುಂಬಯಿಯ ಕನ್ನಡ ಮನೆಗಳಲ್ಲಿ ಒಬ್ಬರು ತಾರಸಿಯ ಮೇಲೆ ನಿಂತು ಕೊಳವೆಯನ್ನು ತಿರುಗಿಸುವುದೂ, ಕೆಳಗಿನವರು ಕಿಟಕಿಯಿಂದ ಕೂಗಿ ಹೇಳುವುದೂ ಸಾಮಾನ್ಯ ದೃಶ್ಯವಾಗಿತ್ತು. ಆ ಕಾಲದಲ್ಲಿ ಆಂಟೆನಾವನ್ನು ಹೊಂದಿಸುವ ಕೌಶಲವು ಪ್ರತಿಯೊಂದು ಚಾಳಿನಲ್ಲಿಯೂ ಯಾರಾದರೂ ಒಬ್ಬರಿಗೆ ಕರಗತವಾಗಿತ್ತು.

ವರ್ಲಿಯ ಕೇಂದ್ರದ ಆವರಣದಲ್ಲಿರುವ ಉಕ್ಕಿನ ಜಾಲರಿಯ ಗೋಪುರವು ಸುಮಾರು 300 ಮೀಟರ್ ಎತ್ತರವಾಗಿದೆ. ಭೂಮಿಯ ವಕ್ರತೆಯನ್ನೂ ವಾತಾವರಣವು ತರಂಗವನ್ನು ತುಸು ಬಗ್ಗಿಸುವುದನ್ನೂ ಗಣನೆಗೆ ತೆಗೆದುಕೊಂಡರೆ, ಇಷ್ಟು ಎತ್ತರದಿಂದ ಹೊರಟ ರೇಡಿಯೋ ತರಂಗದ ದಿಗಂತವು ಸುಮಾರು 70 ಕಿಲೋಮೀಟರ್ ದೂರದಲ್ಲಿರುತ್ತದೆ. ಕೊಲಾಬಾದಿಂದ ಬೊರಿವಿಲಿಯವರೆಗೆ, ಠಾಣೆ, ಡೊಂಬಿವಿಲಿ, ನವಿ ಮುಂಬಯಿಗಳೂ ಸೇರಿದಂತೆ, ಇಡೀ ಮಹಾನಗರವು ಈ ವೃತ್ತದ ಒಳಗೇ ಇದೆ. ಆದರೂ ದಿಗಂತದೊಳಗಿರುವುದು ಬೇರೆ, ಗೋಪುರವು ಅಡೆತಡೆಯಿಲ್ಲದೆ ಕಾಣುವುದು ಬೇರೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬೆಟ್ಟಗಳು 450 ಮೀಟರಿಗೂ ಮೀರಿ ಏರಿರುವುದರಿಂದ, ಅವುಗಳ ಆಚೆಯ ಘೋಡ್‌ಬಂದರ್ ರಸ್ತೆಯ ಹಲವು ವಸತಿಗಳಿಗೆ ವರ್ಲಿಯು ಬೆಟ್ಟದ ಮರೆಯಲ್ಲಿದೆ. ಮುಂಬಯಿಯ ಹಳೆಯ ಗಿರಣಗಾಂವಿನಲ್ಲಿ, ಅಂದರೆ ಪರೇಲ್, ಲೋವರ್ ಪರೇಲ್, ಪ್ರಭಾದೇವಿಗಳಲ್ಲಿ, ಬಟ್ಟೆಗಿರಣಿಗಳು ಮುಚ್ಚಿಹೋದ ಜಾಗಗಳಲ್ಲಿ ಎದ್ದ ಗಗನಚುಂಬಿ ಕಟ್ಟಡಗಳು ಗೋಪುರಕ್ಕೆ ಅತಿ ಸಮೀಪದಲ್ಲಿಯೇ ನಿಂತು ಅದರ ತರಂಗಗಳಿಗೆ ಗೋಡೆಗಳೂ ಕನ್ನಡಿಗಳೂ ಆಗಿವೆ.

1991ರಿಂದೀಚೆಗೆ ಕೇಬಲ್ ಜಾಲವು ಗಲ್ಲಿಗಲ್ಲಿಗೂ ಹಬ್ಬಿದಾಗ ತಾರಸಿಯ ಆಂಟೆನಾಗಳು ಅನಾಥವಾದುವು. ಅವುಗಳ ಕೊಳವೆಗಳಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟುವಂತಾಯಿತು. 2003ರಲ್ಲಿ ನಾಲ್ಕು ಮಹಾನಗರಗಳಲ್ಲಿ ಭೂಪ್ರಸಾರದ ಡಿಜಿಟಲ್ ಪ್ರಯೋಗ ನಡೆಯಿತಾದರೂ ಸಾರ್ವಜನಿಕರು ಅದನ್ನು ಹೆಚ್ಚಾಗಿ ಅರಿಯಲಿಲ್ಲ. 2016ರ ಫೆಬ್ರವರಿ 25ರಿಂದ ಮುಂಬಯಿ, ಬೆಂಗಳೂರು ಸೇರಿ ಹದಿನಾರು ನಗರಗಳಲ್ಲಿ ಡಿ.ವಿ.ಬಿ.–ಟಿ2 ಎಂಬ ಎರಡನೆಯ ತಲೆಮಾರಿನ ಪದ್ಧತಿಯಲ್ಲಿ ಉಚಿತ ಪ್ರಸಾರವು ಮೊದಲಾಯಿತು. 2022ರ ಮಾರ್ಚಿ ವೇಳೆಗೆ, ಗಡಿಯಂತಹ ಸೂಕ್ಷ್ಮ ಪ್ರದೇಶಗಳ ಕೆಲವನ್ನು ಬಿಟ್ಟು, ಅನಲಾಗ್ ಪ್ರೇಷಕಗಳನ್ನೆಲ್ಲ ನಿವೃತ್ತಿಗೊಳಿಸುವುದಾಗಿ ಪ್ರಸಾರ ಭಾರತಿಯು 2021ರಲ್ಲಿ ಪ್ರಕಟಿಸಿತು. ತಿಂಗಳ ಬಾಡಿಗೆಯಿಲ್ಲದೆ, ಮಧ್ಯವರ್ತಿಯಿಲ್ಲದೆ, ಒಂದು ಕೊಳವೆ ಮತ್ತು ಕೆಲವು ಅಲ್ಯೂಮಿನಿಯಂ ಕಡ್ಡಿಗಳ ಬಲದಿಂದ ಸಾರ್ವಜನಿಕ ಪ್ರಸಾರವನ್ನು ಮನೆಗೆ ತರುವ ಈ ವಿದ್ಯೆಯು ಬಡವನಿಗೂ ನಿಲುಕುವಂತಹದು. ಅದನ್ನು ಬಲ್ಲವರು ವಿರಳವಾಗುತ್ತಿರುವುದು ವಿಷಾದಕರ.

ಹಳೆಯ ಚಿತ್ರ ಹೇಳುತ್ತಿದ್ದುದು, ಹೊಸದು ಹೇಳದಿರುವುದು

ಅನಲಾಗ್ ಪದ್ಧತಿಯಲ್ಲಿ ರೋಗವೂ ಲಕ್ಷಣವೂ ಒಂದೇ ತೆರೆಯ ಮೇಲೆ ಕಾಣುತ್ತಿದ್ದುವು. ಸಂಕೇತವು ದುರ್ಬಲವಾದರೆ ಬಿಳಿ ಚುಕ್ಕಿಗಳ ಮಳೆ. ಕಟ್ಟಡದಿಂದ ಪ್ರತಿಫಲಿಸಿ ಬಂದ ತರಂಗವು ಬೆರೆತರೆ ಮುಖದ ಪಕ್ಕದಲ್ಲಿ ಇನ್ನೊಂದು ಮಸುಕು ಮುಖ. ಮೋಟಾರಿನ ಕಿಡಿ ಹಾರಿದರೆ ಅಡ್ಡಗೆರೆಗಳು. ಪ್ರತಿಫಲಿತ ತರಂಗವು 1.5 ಕಿಲೋಮೀಟರ್ ಹೆಚ್ಚು ದೂರ ಸುತ್ತಿ ಬಂದುದಾದರೆ ಅದು 5 ಮೈಕ್ರೋಸೆಕೆಂಡು ತಡವಾಗಿ ತಲುಪುತ್ತದೆ. ತೆರೆಯ ಮೇಲಿನ ಒಂದು ಗೆರೆಯ ಕಾಣುವ ಭಾಗವು ಸುಮಾರು 52 ಮೈಕ್ರೋಸೆಕೆಂಡುಗಳಷ್ಟಾದುದರಿಂದ ಛಾಯಾಮುಖವು ಚಿತ್ರದ ಅಗಲದ ಹತ್ತನೆಯ ಒಂದು ಭಾಗದಷ್ಟು ಬಲಕ್ಕೆ ಬೀಳುತ್ತಿತ್ತು. ಅದನ್ನು ಅಳೆದು, ಪ್ರತಿಫಲಿಸುತ್ತಿರುವ ಕಟ್ಟಡ ಯಾವುದೆಂದು ನುರಿತ ಕೆಲಸಗಾರನು ಊಹಿಸಬಲ್ಲವನಾಗಿದ್ದನು.

ಡಿಜಿಟಲ್ ಪದ್ಧತಿಯು ಸ್ವಭಾವತಃ ಉದಾರವಾದುದು. ಅದು ಒಂದು ವಾಹಕದ ಮೇಲೆ ಎಲ್ಲವನ್ನೂ ಹೊರಿಸದೆ ಸಾವಿರಾರು ಸಣ್ಣ ವಾಹಕಗಳಿಗೆ ಮಾಹಿತಿಯನ್ನು ಹಂಚುತ್ತದೆ. ಒಂದು ಸಂಜ್ಞೆಗೂ ಮುಂದಿನದಕ್ಕೂ ನಡುವೆ ರಕ್ಷಣಾವಧಿಯೊಂದನ್ನು ಬಿಡುತ್ತದೆ. ಕೆಲವು ಅಂಶಗಳು ಕಳೆದುಹೋದರೂ ಗಣಿತದ ಬಲದಿಂದ ಅವುಗಳನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಡಿ.ವಿ.ಬಿ.–ಟಿ2ರಲ್ಲಿ ಈ ರಕ್ಷಣಾವಧಿಯನ್ನು ನೂರಾರು ಮೈಕ್ರೋಸೆಕೆಂಡುಗಳವರೆಗೂ ಇಡಬಹುದಾದುದರಿಂದ, ಹಿಂದೆ ಮುಂಬಯಿಯ ಚಿತ್ರಗಳನ್ನು ಕೆಡಿಸುತ್ತಿದ್ದ ಛಾಯೆಗಳಲ್ಲಿ ಹೆಚ್ಚಿನವು ಇಲ್ಲಿ ನಿರುಪದ್ರವಿಗಳಾಗುತ್ತವೆ. ಆದರೆ ಈ ಔದಾರ್ಯಕ್ಕೆ ಒಂದು ಮೇರೆಯುಂಟು. ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರವು ಆ ಮೇರೆಗಿಂತ ಮೇಲಿರುವವರೆಗೆ ಚಿತ್ರವು ನಿಷ್ಕಳಂಕವಾಗಿರುತ್ತದೆ. ಒಂದೆರಡು ಡೆಸಿಬೆಲ್ ಕೆಳಗಿಳಿಯಿತೆಂದರೆ ಸಂಪೂರ್ಣ ನಾಶವಾಗುತ್ತದೆ. ನಡುವಣ ಸ್ಥಿತಿಯಿಲ್ಲ, ಆದ್ದರಿಂದ ಮುನ್ಸೂಚನೆಯೂ ಇಲ್ಲ. ಮೇರೆಯ ಅಂಚಿನಲ್ಲಿಯೇ ತಿಂಗಳುಗಟ್ಟಲೆ ಬದುಕುತ್ತಿರುವ ವ್ಯವಸ್ಥೆಯೊಂದು ಹೊರಗಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತಿದ್ದು, ಯಾವುದೋ ಸಣ್ಣ ಕಾರಣಕ್ಕೆ ಕುಸಿದಾಗ ಆ ಸಣ್ಣ ಕಾರಣವೇ ಅಪರಾಧಿಯೆಂದು ತೋರುತ್ತದೆ. ನಿಜವಾದ ದೋಷವು ಅಂಚಿನಲ್ಲಿ ನಿಂತಿದ್ದುದೇ ಆಗಿದೆ.

ಆದುದರಿಂದ ಶೋಧಕನು ಮೊದಲು ತಿಳಿಯಬೇಕಾದುದು ಅಂಚಿಗೂ ತನಗೂ ಎಷ್ಟು ದೂರವಿದೆ ಎಂಬುದನ್ನು. ಸೆಟ್‌ಟಾಪ್ ಬಾಕ್ಸಿನ ಅಥವಾ ಟಿ.ವಿ.ಯ ಪಟ್ಟಿಯಲ್ಲಿ ಸಂಕೇತದ ಪ್ರಬಲತೆ, ಗುಣಮಟ್ಟ ಎಂಬ ಎರಡು ಅಳತೆಗಳಿರುತ್ತವೆ. ಜನರು ಮೊದಲನೆಯದನ್ನು ನಂಬುತ್ತಾರೆ, ನೋಡಬೇಕಾದುದು ಎರಡನೆಯದನ್ನು. ಪ್ರಬಲತೆ ಹೆಚ್ಚಿದ್ದು ಗುಣಮಟ್ಟ ಕುಣಿಯುತ್ತಿದ್ದರೆ ಸಂಕೇತದೊಡನೆ ಬೇರೇನೋ ಸೇರಿ ಬರುತ್ತಿದೆಯೆಂದೂ, ಎರಡೂ ಒಟ್ಟಿಗೆ ಇಳಿದರೆ ದಾರಿಯಲ್ಲಿ ಎಲ್ಲೋ ಸಂಕೇತವೇ ಸೋರುತ್ತಿದೆಯೆಂದೂ ತಿಳಿಯಬಹುದು. ಇದಕ್ಕಿಂತಲೂ ನಿಶ್ಚಿತವಾದ ಪರೀಕ್ಷೆಯೊಂದುಂಟು. ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಟೆನ್ಯುಯೇಟರ್ ಎಂಬ ಬೆರಳುದ್ದದ ಉಪಕರಣವು ಅಲ್ಪ ಬೆಲೆಗೆ ಸಿಗುತ್ತದೆ. 6 ಡೆಸಿಬೆಲಿನದನ್ನು ತಂದು ಚಿತ್ರವು ಚೆನ್ನಾಗಿರುವ ಸಮಯದಲ್ಲಿ ಟಿ.ವಿ.ಯ ಹಿಂದೆ ಕೇಬಲಿನ ನಡುವೆ ಜೋಡಿಸತಕ್ಕದ್ದು. ಸಂಕೇತದ ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸಿದ ಮೇಲೂ ಚಿತ್ರವು ಉಳಿದರೆ ವ್ಯವಸ್ಥೆಯು ಅಂಚಿನಿಂದ ಸಾಕಷ್ಟು ದೂರದಲ್ಲಿದೆ; ಬಿದ್ದುಹೋದರೆ ಅಂಚಿನಲ್ಲಿದೆ; ಮೊದಲಿಗಿಂತ ಉತ್ತಮವಾದರೆ ಗ್ರಾಹಕವು ಇಲ್ಲಿಯವರೆಗೆ ಅತಿಪ್ರಬಲ ಸಂಕೇತದ ಭಾರದಿಂದ ಬಳಲುತ್ತಿತ್ತು. ಈ ಮೂರನೆಯ ಫಲವು ವರ್ಲಿ, ಪ್ರಭಾದೇವಿ, ಲೋವರ್ ಪರೇಲ್‌ಗಳಂತಹ ಗೋಪುರದ ನೆರೆಹೊರೆಯಲ್ಲಿ, ಅದರಲ್ಲಿಯೂ ಬೂಸ್ಟರ್ ಹಾಕಿಕೊಂಡವರ ಮನೆಯಲ್ಲಿ, ಮತ್ತೆ ಮತ್ತೆ ದೊರೆಯುವಂತಹದು.

ಕಾಲದ ಸಾಕ್ಷ್ಯ

ಅಂಚಿನ ದೂರವನ್ನು ಅರಿತ ಮೇಲೆ ಒಂದು ನೋಟುಪುಸ್ತಕದಲ್ಲಿ, ಚಿತ್ರವು ಒಡೆದ ಪ್ರತಿಯೊಂದು ಸಲವೂ, ದಿನ, ವೇಳೆ, ಗಾಳಿ, ಮಳೆ, ಬಿಸಿಲುಗಳನ್ನು ಬರೆದಿಡುವುದು ಶೋಧನೆಯ ಹೃದಯಭಾಗ. ಒಂದೆರಡು ವಾರಗಳ ಬರಹವು ಹಲವು ಉಪಕರಣಗಳಿಗಿಂತ ಹೆಚ್ಚನ್ನು ಹೇಳುತ್ತದೆ.

ಮಳೆಯ ಸಾಕ್ಷ್ಯವನ್ನು ಮೊದಲು ವಿಚಾರಿಸೋಣ. ಡಿ.ಟಿ.ಎಚ್. ತಟ್ಟೆಯಿರುವ ಮನೆಯಲ್ಲಿ ಮಳೆ ಜೋರಾದೊಡನೆ ಚಿತ್ರ ಹೋಗುವುದನ್ನು ಕಂಡವರು ತಾರಸಿ ಆಂಟೆನಾಕ್ಕೂ ಅದೇ ಕಾರಣವನ್ನು ಆರೋಪಿಸುತ್ತಾರೆ. ಇದು ತಪ್ಪು. ಉಪಗ್ರಹದ ತರಂಗಗಳು 10 ಗಿಗಾಹರ್ಟ್ಸಿಗೂ ಮೇಲಿನವು. ಅವುಗಳ ಅಲೆಯುದ್ದವು ಮೂರು ಸೆಂಟಿಮೀಟರಿಗಿಂತ ಕಡಿಮೆಯಾದುದರಿಂದ ಮಳೆಹನಿಗಳು ಅವನ್ನು ಹೀರಿ ಚದುರಿಸಬಲ್ಲವು. ಭೂಪ್ರಸಾರವು ನಡೆಯುವ 500 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ ಅಲೆಯುದ್ದವು ಸುಮಾರು 60 ಸೆಂಟಿಮೀಟರ್. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಸುರಿದಂತಹ ಮಳೆಯೂ ಅಂತಹ ಅಲೆಗೆ ಲೆಕ್ಕಕ್ಕಿಲ್ಲ. ಆದುದರಿಂದ ಮಳೆಯ ಹೊತ್ತಿಗೆ ಚಿತ್ರವು ಹೋಗುತ್ತಿದ್ದರೆ ಅದು ಆಕಾಶದ ಮಳೆಯಿಂದಲ್ಲ, ಬಹುಮಟ್ಟಿಗೆ ಕೇಬಲಿನೊಳಗೆ ಸೇರಿದ ನೀರಿನಿಂದ. ಇದನ್ನು ದೃಢಪಡಿಸಿಕೊಳ್ಳುವ ಬಗೆಯೂ ಸುಲಭ: ಮಳೆ ನಿಂತೊಡನೆ ಚಿತ್ರವು ಸರಿಯಾಗುವುದೋ, ಇಲ್ಲವೆ ಬಿಸಿಲು ಕಂಡು ಒಂದೆರಡು ದಿನಗಳಾದ ಮೇಲೆ ಸರಿಯಾಗುವುದೋ ಎಂಬುದನ್ನು ನೋಡತಕ್ಕದ್ದು. ತಡವಾಗಿ ಸರಿಯಾದರೆ ನೀರು ಒಳಹೊಕ್ಕಿದೆಯೆಂಬುದು ನಿಶ್ಚಯ. ಮಳೆ ನಿಂತೊಡನೆ ಸರಿಯಾಗುವಂತಿದ್ದರೆ ಎದುರಿನ ಮರಗಳನ್ನು ಗಮನಿಸಬೇಕು. ದಾದರಿನ ಪಾರ್ಸಿ ಕಾಲೊನಿ, ಮಾಟುಂಗಾಗಳ ದೊಡ್ಡ ಮರಗಳ ಸಾಲು ಆಂಟೆನಾಕ್ಕೂ ಗೋಪುರಕ್ಕೂ ನಡುವೆ ಬಂದಿದ್ದರೆ, ತೊಯ್ದ ಎಲೆಗಳ ಗುಂಪು ಒಣ ಎಲೆಗಳಿಗಿಂತ ಎಷ್ಟೋ ಹೆಚ್ಚಾಗಿ ತರಂಗವನ್ನು ಹೀರುತ್ತದೆ.

ಗಾಳಿಯ ಹೊತ್ತಿಗೆ ಬರುವ ದೋಷವು ಸಡಿಲವಾದ ಯಾವುದೋ ಜೋಡಣೆಯದು. ಅದರ ವಿವೇಚನೆಯನ್ನು ಮುಂದೆ ಮಾಡಲಾಗುವುದು. ನಡುಹಗಲಿನ ಬಿಸಿಲಿನಲ್ಲಿ ಮಾತ್ರ ಬಂದು ಸಂಜೆಗೆ ಮಾಯವಾಗುವ ದೋಷವು ಕಾದು ಹಿಗ್ಗಿದ ಬೆಸುಗೆಯೊಂದರದೋ, ಕಾವಿನಿಂದ ಬಳಲಿದ ಬೂಸ್ಟರಿನದೋ ಆಗಿರಲಿಕ್ಕೆ ಸಾಕು.

ಉಬ್ಬರವಿಳಿತದ ಸಾಕ್ಷ್ಯವು ಇವೆಲ್ಲಕ್ಕಿಂತ ಗಹನವಾದುದು, ಮತ್ತು ಮುಂಬಯಿಗೆ ವಿಶಿಷ್ಟವಾದುದು. ಠಾಣೆ ಖಾಡಿಯೆಂಬ ಕಡಲ ತೋಳಿನ ಆಚೆಯ ದಡದಲ್ಲಿರುವ ವಾಶಿ, ಐರೋಲಿಗಳ ಮನೆಗಳಿಗೆ ವರ್ಲಿಯಿಂದ ಎರಡು ದಾರಿಗಳಲ್ಲಿ ತರಂಗವು ಬರುತ್ತದೆ: ನೇರವಾಗಿ ಒಂದು, ಠಾಣೆ ಖಾಡಿಯ ನೀರಿನ ಮೇಲೆ ಪ್ರತಿಫಲಿಸಿ ಇನ್ನೊಂದು. ನೀರಿನ ಮೇಲೆ ಓರೆಯಾಗಿ ಪ್ರತಿಫಲಿಸುವ ತರಂಗವು ತಲೆಕೆಳಗಾಗುವುದರಿಂದ, ಎರಡರ ಹಾದಿಯ ಉದ್ದದಲ್ಲಿ ಪೂರ್ಣ ಅಲೆಯಷ್ಟು ವ್ಯತ್ಯಾಸವಾದಲ್ಲಿ ಅವು ಪರಸ್ಪರ ಅಳಿಸಿಹಾಕುತ್ತವೆ. ಅರ್ಧ ಅಲೆಯಷ್ಟಾದಲ್ಲಿ ಕೂಡಿ ಬಲವಾಗುತ್ತವೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಮುಂಬಯಿಯ ಕಡಲು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುವುದರಿಂದ ಪ್ರತಿಫಲಿತ ತರಂಗದ ಹಾದಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಗೋಪುರದಿಂದ 20 ಕಿಲೋಮೀಟರ್ ದೂರದಲ್ಲಿ ನೀರಿನಿಂದ 30 ಮೀಟರ್ ಎತ್ತರದಲ್ಲಿರುವ ಆಂಟೆನಾವನ್ನು ಉದಾಹರಣೆಯಾಗಿ ತೆಗೆದುಕೊಂಡು ಲೆಕ್ಕ ಹಾಕಿದರೆ, ನಾಲ್ಕು ಮೀಟರಿನ ಉಬ್ಬರವು ಹಾದಿಯ ವ್ಯತ್ಯಾಸವನ್ನು ಸುಮಾರು 13 ಸೆಂಟಿಮೀಟರಿನಷ್ಟು, ಅಂದರೆ ಅಲೆಯುದ್ದದ ಕಾಲು ಭಾಗದ ಹತ್ತಿರದಷ್ಟು, ಕದಲಿಸುತ್ತದೆ. ಅಂಚಿನಲ್ಲಿರುವ ವ್ಯವಸ್ಥೆಯನ್ನು ಕೆಡಹಲು ಇದು ಸಾಲುತ್ತದೆ. ಬಾಂದ್ರಾದ ಕಡಲ ದಂಡೆಯಲ್ಲಿ ಈ ಕದಲಿಕೆಯು ಇನ್ನೂ ಹೆಚ್ಚಾದರೂ ಗೋಪುರದ ಸಾಮೀಪ್ಯದಿಂದ ಸಂಕೇತವು ಬಲವಾಗಿದ್ದು ಅದನ್ನು ತಾಳಿಕೊಳ್ಳುತ್ತದೆ.

ಈ ದೋಷವನ್ನು ಗುರುತಿಸುವುದು ನೋಟುಪುಸ್ತಕದಿಂದ ಮಾತ್ರವೇ ಸಾಧ್ಯ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಇಂದು ರಾತ್ರಿ 8 ಗಂಟೆಗೆ ಚಿತ್ರವು ಒಡೆದರೆ ನಾಳೆ 8.50ರ ಸುಮಾರಿಗೆ, ನಾಡಿದ್ದು 9.40ರ ಸುಮಾರಿಗೆ ಒಡೆಯಬೇಕು. ದೋಷವು ದಿನದಿನಕ್ಕೂ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚಾಗಿ ತಡವಾಗುತ್ತ, ಎರಡು ವಾರಗಳಲ್ಲಿ ಸುತ್ತು ಮುಗಿಸಿ ಮೊದಲಿನ ವೇಳೆಗೇ ಬಂದರೆ, ಮತ್ತು ಪಂಚಾಂಗದ ಅಮಾವಾಸ್ಯೆ ಹುಣ್ಣಿಮೆಗಳ ಬಳಿ ಉಗ್ರವಾಗಿ ಅಷ್ಟಮಿಯ ಬಳಿ ಶಾಂತವಾದರೆ, ಯಾವ ಉಪಕರಣವನ್ನೂ ಬದಲಾಯಿಸತಕ್ಕದ್ದಲ್ಲ. ಆಂಟೆನಾವನ್ನು ಒಂದೆರಡು ಮೀಟರ್ ಮೇಲಕ್ಕೋ ಕೆಳಕ್ಕೋ ಸರಿಸಿ, ಅಥವಾ ನೀರಿನ ಮೇಲಣ ಪ್ರತಿಫಲನವು ಕಟ್ಟಡದ ಅಂಚಿಗೆ ಮರೆಯಾಗುವಂತೆ ತಾರಸಿಯ ಹಿಂಬದಿಗೆ ಸರಿಸಿ ಮತ್ತೊಂದು ಪಕ್ಷ ಕಾಯುವುದೇ ಸರಿಯಾದ ಪರಿಹಾರ. ಹೀಗೆ ಕಡಲೂ ಚಂದ್ರನೂ ದೂರದರ್ಶನದ ತೆರೆಯ ಮೇಲೆ ತಮ್ಮ ಲೆಕ್ಕವನ್ನು ಬರೆಯುವುದನ್ನು ಕಂಡಾಗ ಆಗುವ ಸಂತೋಷವು ದುರಸ್ತಿಯ ಬೇಸರವನ್ನು ಮರೆಸುವಂತಹದು.

ಪ್ರತಿದಿನವೂ ಒಂದೇ ವೇಳೆಗೆ ಬರುವ ದೋಷವು ಮನುಷ್ಯನ ಕೈವಾಡ. ನಗರಪಾಲಿಕೆಯ ನೀರು ಬಿಡುವ ಹೊತ್ತಿಗೆ ಹೌಸಿಂಗ್ ಸೊಸೈಟಿಯ ಪಂಪು ಓಡುತ್ತದೆ. ಸಂಜೆ ಜನರು ಮನೆಗೆ ಮರಳಿದಾಗ ಲಿಫ್ಟು ಎಡೆಬಿಡದೆ ಏರಿಳಿಯುತ್ತದೆ. ಗಣೇಶೋತ್ಸವದಲ್ಲಿ ಕಳಪೆ ಎಲ್‌.ಇ.ಡಿ. ಮಾಲೆಗಳು ರಾತ್ರಿಯೆಲ್ಲ ಉರಿಯುತ್ತವೆ. ಇವುಗಳ ವಿದ್ಯುತ್ ಗದ್ದಲವು ಕೆಳಗಿನ ಆವರ್ತಾಂಕಗಳಲ್ಲಿ ಹೆಚ್ಚಾಗಿದ್ದರೂ, ಹೊರಕವಚದ ತಂತಿಹೆಣಿಗೆ ತೆಳುವಾದ ಅಗ್ಗದ ಕೇಬಲು ಲಿಫ್ಟು ಓಡುವ ಕುಳಿಯಲ್ಲೋ ವಿದ್ಯುತ್ ತಂತಿಗಳ ಜೊತೆಯಲ್ಲೋ ಇಳಿದುಬಂದಿದ್ದರೆ ಮೇಲಿನ ಆವರ್ತಾಂಕಗಳಿಗೂ ನುಸುಳುತ್ತದೆ. ಕೇಬಲನ್ನು ಹೊರಗೋಡೆಯ ಮೇಲೆ ಬೇರೆಯಾಗಿ ಇಳಿಸಿದರೆ ತೀರುತ್ತದೆ.

ಕೆಲವೇ ಸೆಕೆಂಡು ಬಂದು, ಕೆಲವು ನಿಮಿಷಗಳಿಗೊಮ್ಮೆ ಮರುಕಳಿಸುವ ಒಡಕು ಘಾಟ್‌ಕೋಪರ್, ಕುರ್ಲಾ, ವಿಲೇಪಾರ್ಲೆಗಳಲ್ಲಿ ಕಂಡುಬಂದರೆ ಕಿಟಕಿಯಿಂದ ಹೊರಗೆ ನೋಡುವುದು ಲೇಸು; ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನದ ಒಡಲಿನಿಂದ ಪ್ರತಿಫಲಿಸಿದ ತರಂಗವು, ವಿಮಾನದ ವೇಗದ ಕಾರಣ ಆವರ್ತಾಂಕದಲ್ಲಿ ತುಸು ಬದಲಾಗಿ, ನೇರ ತರಂಗದೊಡನೆ ಸೆಣಸುತ್ತದೆ. ನೇರ ಸಂಕೇತವು ಬಲವಾಗಿದ್ದರೆ ಇದು ಕಾಣುವುದೇ ಇಲ್ಲ. ಮಾರ್ಚಿಯಿಂದ ಮೇ ತಿಂಗಳವರೆಗಿನ ಸೆಕೆಯ ರಾತ್ರಿಗಳಲ್ಲಿ ಅರಬ್ಬೀ ಸಮುದ್ರದ ಮೇಲೆ ಬೆಚ್ಚನೆಯ ಒಣ ಗಾಳಿಯ ಪದರವು ತಂಪಾದ ತೇವದ ಪದರವನ್ನು ಮುಚ್ಚಿದಾಗ ತರಂಗಗಳು ಆ ಪದರಗಳ ನಡುವೆ ಸಿಕ್ಕಿ ನೂರಾರು ಕಿಲೋಮೀಟರ್ ಸಾಗುತ್ತವೆ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಸುಮಾರು 880 ಕಿಲೋಮೀಟರ್ ದೂರದ ಕರಾಚಿಯ ನಾಟಕಗಳನ್ನು ಮುಂಬಯಿಗರು ಬೇಸಿಗೆಯ ರಾತ್ರಿಗಳಲ್ಲಿ ನೋಡಿದ್ದು ಈ ಕಾರಣದಿಂದಲೇ. ಅಂದು ಅತಿಥಿಯಾಗಿ ಬಂದ ದೂರದ ಸಂಕೇತವು ಇಂದು ಅದೇ ಆವರ್ತಾಂಕದಲ್ಲಿ ಬಂದರೆ ಕಳಂಕವಾಗುತ್ತದೆ. ಇದಕ್ಕೆ ತಾಳ್ಮೆಯ ಹೊರತು ಮದ್ದಿಲ್ಲ. ಮುಂಗಾರಿನ ಗಾಳಿ ಆ ಪದರಗಳನ್ನು ಕಲಕಿದೊಡನೆ ತಾನಾಗಿಯೇ ನಿಲ್ಲುತ್ತದೆ.

ತಾರಸಿಯಿಂದ ಟಿ.ವಿ.ಯವರೆಗೆ

ಕಾಲದ ಸಾಕ್ಷ್ಯವು ಆಂಟೆನಾದ ಕಡೆಗೆ ಬೆರಳು ತೋರಿಸಿದಾಗ ಕಾವಲುಗಾರನಿಂದ ಬೀಗದ ಕೈ ಪಡೆದು ತಾರಸಿಗೆ ಹೋಗಬೇಕಾಗುತ್ತದೆ. ಅಲ್ಲಿ ನೋಡಬೇಕಾದ ಮೊದಲನೆಯ ಸಂಗತಿ, ಇರುವ ಆಂಟೆನಾವು ಈ ಕಾಲದ್ದೇ ಎಂಬುದು. ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಯಾಗಿ ಮತ್ತು ಉದಾ ಎಂಬ ವಿದ್ವಾಂಸರು 1926ರಲ್ಲಿ ಪ್ರಕಟಿಸಿದ ವಿನ್ಯಾಸವೇ ಇಂದಿಗೂ ತಾರಸಿಗಳನ್ನು ಆಳುತ್ತಿದೆಯಾದರೂ, ಅದರ ಕಡ್ಡಿಗಳ ಉದ್ದವು ಅಲೆಯುದ್ದದ ಅರ್ಧಕ್ಕೆ ಸಮೀಪವಾಗಿರಬೇಕೆಂಬ ನಿಯಮವುಂಟು. 60 ಮೆಗಾಹರ್ಟ್ಸಿನ ಸುತ್ತಿನ ಹಳೆಯ ಪ್ರಸಾರಕ್ಕೆ ಕಡ್ಡಿಯು ಎರಡೂವರೆ ಮೀಟರಿನ ಹತ್ತಿರ ಬೇಕಿತ್ತು. 500 ಮೆಗಾಹರ್ಟ್ಸಿಗೆ 30 ಸೆಂಟಿಮೀಟರ್ ಸಾಕು. ಚಾಳುಗಳ ಮೇಲೆ ಉಳಿದಿರುವ ತೋಳುಚಾಚಿದ ಹಳೆಯ ಆಂಟೆನಾಗಳು ಗೋಪುರದ ಬಳಿಯಲ್ಲಿ ಹೇಗೋ ಚಿತ್ರವನ್ನು ತಂದರೂ ಅವು ಸದಾ ಅಂಚಿನಲ್ಲಿಯೇ ಇರುವಂತಹವು.

ದಿಕ್ಕಿನ ವಿಚಾರವಾಗಿ: ಅಂಧೇರಿ, ಬೊರಿವಿಲಿಗಳಿಗೆ ವರ್ಲಿಯು ಹೆಚ್ಚುಕಡಿಮೆ ದಕ್ಷಿಣ, ಮಾಟುಂಗಾ, ಘಾಟ್‌ಕೋಪರ್, ಮುಲುಂದ್, ಡೊಂಬಿವಿಲಿಗಳಿಗೆ ನೈರುತ್ಯ, ವಾಶಿಗೆ ಪಶ್ಚಿಮದ ಕಡೆ ವಾಲಿದ ನೈರುತ್ಯ, ಕೊಲಾಬಾಕ್ಕೆ ಉತ್ತರ. ಎದುರಿಗೆ ಹೊಸ ಕಟ್ಟಡವೆದ್ದು ಗೋಪುರವನ್ನು ಮುಚ್ಚಿದ್ದರೆ, ಈ ದಿಕ್ಕಿಗೆ ಅಂಟಿಕೊಳ್ಳದೆ, ಪ್ರತಿಫಲಿತ ತರಂಗವು ಸ್ಥಿರವಾಗಿ ಬರುವ ಬೇರೊಂದು ಕಟ್ಟಡದತ್ತ ಆಂಟೆನಾವನ್ನು ತಿರುಗಿಸುವುದು ಡಿಜಿಟಲ್ ಪದ್ಧತಿಯಲ್ಲಿ ಯಶಸ್ವಿಯಾಗುವುದುಂಟು. ಆ ಹೊಸ ಕಟ್ಟಡವು ಇನ್ನೂ ಏಳುತ್ತಿದ್ದರೆ ಅದರ ಕ್ರೇನಿನ ತೋಳು ತಿರುಗಿದಂತೆಲ್ಲ ಚಿತ್ರವು ಏರುಪೇರಾಗುತ್ತದೆ. ಕೆಲಸದ ವೇಳೆಯಲ್ಲಿ ಕೆಟ್ಟು ಭಾನುವಾರ ಸರಿಯಿರುವ ಚಿತ್ರವು ಇದರ ಗುರುತು.

ಕಡ್ಡಿಗಳಿಗಿಂತ ಹೆಚ್ಚು ಗಮನ ಕೊಡಬೇಕಾದುದು ಆಂಟೆನಾದ ಬೆನ್ನಿಗಿರುವ ಸಣ್ಣ ಡಬ್ಬಿಗೆ. ಕೇಬಲು ಅಲ್ಲಿಯೇ ಆರಂಭವಾಗುತ್ತದೆ, ಮುಂಬಯಿಯ ದೋಷಗಳಲ್ಲಿ ಬಹುಪಾಲು ಅಲ್ಲಿಯೇ ಹುಟ್ಟುತ್ತವೆ. ಉಪ್ಪುಗಾಳಿಯಲ್ಲಿ ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಇವು ಒಂದನ್ನೊಂದು ಮುಟ್ಟಿಕೊಂಡಿದ್ದಲ್ಲಿ ತೇವದ ನೆರವಿನಿಂದ ಒಂದು ಇನ್ನೊಂದನ್ನು ತಿನ್ನುತ್ತದೆ. ತಿರುಪಿನ ಕೆಳಗೆ ಹಸಿರು ಬಿಳುಪಿನ ಪುಡಿ ಕಂಡಲ್ಲಿ ಸಂಪರ್ಕವು ಗಾಳಿಗೊಮ್ಮೆ ಹತ್ತಿ ಗಾಳಿಗೊಮ್ಮೆ ಬಿಡುತ್ತಿರುತ್ತದೆ. ಬೂಸ್ಟರಿಗೆ ಕೆಳಗಿನಿಂದ ಕೇಬಲಿನ ಮೂಲಕವೇ 12 ವೋಲ್ಟ್ ವಿದ್ಯುತ್ತು ಕಳುಹಿಸುವ ಏರ್ಪಾಡಿದ್ದರಂತೂ ಒದ್ದೆಯಾದ ಜೋಡಣೆಯಲ್ಲಿ ವಿದ್ಯುದ್ವಿಭಜನೆ ನಡೆದು, ಒಂದೇ ಮಳೆಗಾಲದಲ್ಲಿ ನಡುವಣ ತಾಮ್ರದ ತಂತಿಯು ಕರಗಿ ಕೂದಲಿನಷ್ಟು ತೆಳುವಾಗಬಲ್ಲದು. ಬಿಸಿಲಿಗೆ ಬಿರಿದ ಹೊರಪದರದಿಂದ ಒಳನುಗ್ಗಿದ ನೀರು ಹೆಣಿಗೆಯ ಎಳೆಗಳನ್ನು ಹಿಡಿದು ನಾಲ್ಕೈದು ಮಹಡಿ ಇಳಿದು ಟಿ.ವಿ.ಯ ಹಿಂದಿನ ಕನೆಕ್ಟರಿನಲ್ಲಿ ಹನಿಯಾಗಿ ಕಾಣಿಸಿಕೊಳ್ಳುವುದುಂಟು. ಹಾಗಾದ ಕೇಬಲನ್ನು ಒಣಗಿಸಿ ಬಳಸುವ ಯತ್ನ ವ್ಯರ್ಥ, ಪೂರ್ತಿಯಾಗಿ ಬದಲಾಯಿಸತಕ್ಕದ್ದು. ಹೊಸ ಕೇಬಲು 75 ಓಮಿನ ಆರ್.ಜಿ.6 ಜಾತಿಯದಾಗಿರಲಿ. ಅದೂ 500 ಮೆಗಾಹರ್ಟ್ಸಿನಲ್ಲಿ 100 ಮೀಟರಿಗೆ ಸುಮಾರು 15 ಡೆಸಿಬೆಲ್ ನುಂಗುತ್ತದೆಯಾದುದರಿಂದ, 40 ಮೀಟರ್ ಇಳಿಯುವಷ್ಟರಲ್ಲಿ ಸಂಕೇತದ ಶಕ್ತಿಯು ಕಾಲು ಭಾಗಕ್ಕೆ ಬಂದಿರುತ್ತದೆ. ಡಬ್ಬಿಗೆ ಸೇರುವ ಮುನ್ನ ಕೇಬಲನ್ನು ಕೆಳಕ್ಕೆ ಬಳಸಿ ಒಂದು ಸುರುಳಿ ಬಿಟ್ಟರೆ ಹರಿದುಬಂದ ನೀರು ಸುರುಳಿಯ ತಳದಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಜೋಡಣೆಗೆ ರಬ್ಬರಿನ ಅಂಟುಪಟ್ಟಿಯನ್ನು ಬಿಗಿಯಾಗಿ ಸುತ್ತಬೇಕು, ಮನೆಯ ವಿದ್ಯುತ್ ಕೆಲಸದ ಸಾಮಾನ್ಯ ಪಟ್ಟಿಯು ಒಂದು ಬೇಸಿಗೆಯನ್ನೂ ತಾಳುವುದಿಲ್ಲ. ಕನೆಕ್ಟರ್ ಹಾಕುವಾಗ ಹೆಣಿಗೆಯ ಒಂದೇ ಒಂದು ಎಳೆ ನಡುವಣ ತಂತಿಗೆ ತಾಗಿ ಉಳಿದರೂ, ಕಿಟಕಿಯ ಪರದೆ ಕೇಬಲನ್ನು ಅಲುಗಿಸಿದಾಗಲೆಲ್ಲ ಚಿತ್ರವು ಹೋಗುತ್ತದೆ.

ಪಕ್ಷಿಗಳ ವಿಷಯವೂ ಉಪೇಕ್ಷಣೀಯವಲ್ಲ. ಹದ್ದಿನಂತಹ ಭಾರದ ಹಕ್ಕಿ ಕೂತು ಕಡ್ಡಿಗಳು ಬಾಗುತ್ತವೆ. ಕಾಗೆಗಳು ಈ ನಗರದಲ್ಲಿ ತಂತಿಯ ತುಂಡುಗಳಿಂದ ಗೂಡು ಕಟ್ಟುವುದರಿಂದ ಆಂಟೆನಾದ ಮೇಲಿನ ಗೂಡು ಅದರ ವಿದ್ಯುತ್ ಗುಣವನ್ನೇ ಕೆಡಿಸುತ್ತದೆ. ಮರಿಗಳು ಹಾರಿಹೋಗುವವರೆಗೆ ಕಾದು ಗೂಡನ್ನು ತೆಗೆಯುವುದು ಉಚಿತ. ಸಂಕ್ರಾಂತಿಯ ಬಳಿಕ ಗಾಳಿಪಟಗಳ ಮಾಂಜಾ ದಾರದ ಸಿಕ್ಕುಗಳನ್ನೂ ಬಿಡಿಸಬೇಕಾಗುತ್ತದೆ.

ಬೂಸ್ಟರ್ ಮತ್ತು ಮೊಬೈಲ್ ಗೋಪುರ

ಚಿತ್ರ ಕೆಟ್ಟೊಡನೆ ಬೂಸ್ಟರ್ ಕೊಳ್ಳುವ ರೂಢಿಯು ಅನಲಾಗ್ ಕಾಲದಿಂದ ಉಳಿದುಬಂದುದು. ಅದು ಗುಣಕ್ಕಿಂತ ಹೆಚ್ಚಾಗಿ ಕೇಡನ್ನೇ ಮಾಡಿದೆ. ಬೂಸ್ಟರು ತನ್ನ ಬಾಗಿಲಿಗೆ ಬಂದುದನ್ನೆಲ್ಲ ವಿವೇಚನೆಯಿಲ್ಲದೆ ಹಿಗ್ಗಿಸುತ್ತದೆ. ಕೇಬಲಿನಲ್ಲಿ ಇಳಿದು ಸೊರಗಿದ ಸಂಕೇತಕ್ಕೆ ಟಿ.ವಿ.ಯ ಪಕ್ಕದಲ್ಲಿ ಅದನ್ನು ಹಾಕಿದರೆ ಸಂಕೇತವೂ ಗದ್ದಲವೂ ಸಮವಾಗಿ ಬೆಳೆದು, ಅವುಗಳ ಅಂತರವು ಇದ್ದಲ್ಲಿಯೇ ಉಳಿಯುತ್ತದೆ. ಬೂಸ್ಟರಿಗೆ ಸ್ಥಾನವಿರುವುದು ಡೊಂಬಿವಿಲಿಯಂತಹ ದೂರದ ಊರಿನಲ್ಲಿ, ಅದೂ ಆಂಟೆನಾದ ಬುಡದಲ್ಲಿಯೇ.

ಬೂಸ್ಟರಿನ ಈ ಕೇಡಿಗೆ ಇತ್ತೀಚಿನ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಬಾಡಿಗೆಯ ಆದಾಯಕ್ಕಾಗಿ ಅನೇಕ ಹೌಸಿಂಗ್ ಸೊಸೈಟಿಗಳು ತಮ್ಮ ತಾರಸಿಯನ್ನು ಮೊಬೈಲ್ ಗೋಪುರಗಳಿಗೆ ಕೊಟ್ಟಿವೆ. ಅವುಗಳ 850, 900 ಮೆಗಾಹರ್ಟ್ಸಿನ ಸಂಕೇತಗಳ ಜೊತೆಗೆ 2022ರ ಹರಾಜಿನ ತರುವಾಯ 700 ಮೆಗಾಹರ್ಟ್ಸಿನವೂ ಸೇರಿ, ದೂರದರ್ಶನದ ಆವರ್ತಾಂಕಗಳಿಗೆ ನೆರೆಯವರಾಗಿವೆ. ಹತ್ತು ಹದಿನೈದು ಮೀಟರ್ ಅಂತರದಿಂದ ಬಡಿಯುವ ಇಂತಹ ಸಂಕೇತವು ಬೂಸ್ಟರನ್ನು ಉಸಿರುಕಟ್ಟಿಸುತ್ತದೆ. ಮೊಬೈಲ್ ಬಳಕೆ ಹೆಚ್ಚುವ ಸಂಜೆಯಲ್ಲಿ ಕೆಡುವ, ನಸುಕಿನಲ್ಲಿ ಸರಿಯಿರುವ ಚಿತ್ರವು ಇದನ್ನು ಸೂಚಿಸುತ್ತದೆ. ಮೊದಲು ಬೂಸ್ಟರನ್ನು ಕಳಚಿ ನೋಡಬೇಕು. ಅದು ಅನಿವಾರ್ಯವಾದಲ್ಲಿ ಅದರ ಮುಂದೆ ಮೊಬೈಲ್ ಆವರ್ತಾಂಕಗಳನ್ನು ತಡೆಯುವ ಫಿಲ್ಟರನ್ನು ಜೋಡಿಸಬೇಕು. ಹಿಂದೆ ಜೋಡಿಸಿದರೆ ಫಲವಿಲ್ಲ. ಬೂಸ್ಟರಿನ ಅಡಾಪ್ಟರನ್ನೂ ಸಂಶಯದಿಂದ ನೋಡಬೇಕು. ಅದರೊಳಗಿನ ಕೆಪಾಸಿಟರುಗಳು ಉಬ್ಬಿ ದುರ್ಬಲವಾದಾಗ, ಆನ್ ಮಾಡಿದ ಅರ್ಧ ಗಂಟೆ ಚಿತ್ರ ಚೆನ್ನಾಗಿದ್ದು ಬಳಿಕ ಒಡೆಯತೊಡಗುತ್ತದೆ.

ತಾರಸಿಯ ಕೆಲಸವನ್ನು ಮುಂಗಾರಿಗೆ ಮುನ್ನ, ಮೇ ತಿಂಗಳ ಬೆಳಗುಗಳಲ್ಲಿ ಮುಗಿಸತಕ್ಕದ್ದು. ಜೂನ್ ಮೊದಲ ವಾರದ ಗುಡುಗು ಮಿಂಚುಗಳ ಸಂಜೆಯಲ್ಲಿ ಕೊಳವೆಯ ಬಳಿ ನಿಲ್ಲುವುದು ಅಪಾಯ. ಕೊಳವೆಯನ್ನು ಕಟ್ಟಡದ ಸಿಡಿಲುವಾಹಕದ ಭೂಸಂಪರ್ಕಕ್ಕೆ ದಪ್ಪ ತಂತಿಯಿಂದ ಜೋಡಿಸಿರಬೇಕು. ಕುಡಿಯುವ ನೀರಿನ ನಳಿಗೆಗೆ ಎಂದಿಗೂ ಕಟ್ಟಬಾರದು. ಸೊಸೈಟಿಯ ಕಾರ್ಯದರ್ಶಿಯ ಅನುಮತಿಯನ್ನು ಬರಹದಲ್ಲಿ ಪಡೆದು, ಕೇಬಲಿಗೆ ತಮ್ಮ ಮನೆಯ ಸಂಖ್ಯೆಯ ಚೀಟಿಯನ್ನು ಎರಡೂ ತುದಿಗಳಲ್ಲಿ ಕಟ್ಟಿಟ್ಟರೆ, ಜಲನಿರೋಧದ ಕೆಲಸಕ್ಕೆಂದು ತಾರಸಿ ಏರಿದವರು ಅದನ್ನು ಯಾರದೋ ಹಳೆಯ ತಂತಿಯೆಂದು ಕತ್ತರಿಸುವುದು ತಪ್ಪುತ್ತದೆ.